ಮೂಲೆಗೆ ಬಿದ್ದ ಟ್ಯಾಬನ್ನು ದುಡಿಮೆಗೆ ಹಚ್ಚಿ

2020ರಲ್ಲಿ ಕೊರೊನಾ ಬಂದು ಶಾಲೆಗಳ ಬಾಗಿಲು ಮುಚ್ಚಿದಾಗ ನಮ್ಮ ಗಡಿಭಾಗದ ಎಷ್ಟೋ ಮನೆಗಳಿಗೆ ಟ್ಯಾಬ್ಲೆಟ್ ಎಂಬ ಹೊಸ ವಸ್ತು ಕಾಲಿಟ್ಟಿತು. ಟ್ಯಾಬ್ಲೆಟ್ ಅಂದರೆ ನುಂಗುವ ಗುಳಿಗೆ ಅಂತ ತಿಳಿದಿದ್ದವರೂ ಮಕ್ಕಳ ಪಾಠ ನಿಲ್ಲಬಾರದು ಎಂದು ಸಾಲಸೋಲ ಮಾಡಿ ತಂದರು. ಆಮೇಲೆ ಶಾಲೆ ತೆರೆಯಿತು, ಪಾಠ ಮತ್ತೆ ಕರಿಹಲಗೆಗೆ ಹೋಯಿತು. ದುಡ್ಡು ಸುರಿದು ತಂದ ಆ ಹಲಗೆ ಈಗ ಏನು ಮಾಡುತ್ತಿದೆ? ಸಂಜೆ ಧಾರಾವಾಹಿ, ರಾತ್ರಿ ಸಿನಿಮಾ, ಮಕ್ಕಳ ಕೈಗೆ ಸಿಕ್ಕರೆ ಆಟ. ಉಳಿದ ಹೊತ್ತು ಕಪಾಟಿನ ಮೇಲೆ ಧೂಳು ತಿನ್ನುತ್ತಾ ಬಿದ್ದಿರುತ್ತದೆ.

ಅದೇ ಮನೆಯ ಯಜಮಾನ ಮಾತ್ರ ಅಡತಿ ಅಂಗಡಿಯ ಪಟ್ಟಿ ಓದಿಸಲಿಕ್ಕೆ ಒಬ್ಬರನ್ನು, ತಹಸೀಲ್ ಕಚೇರಿಯ ನೋಟಿಸು ತಿಳಿದುಕೊಳ್ಳಲಿಕ್ಕೆ ಇನ್ನೊಬ್ಬರನ್ನು, ಅರ್ಜಿ ಬರೆಸಲಿಕ್ಕೆ ಮತ್ತೊಬ್ಬರನ್ನು ಹುಡುಕಿಕೊಂಡು ತಿರುಗುತ್ತಾನೆ. ಮಾತು ಎರಡು ಭಾಷೆಯಲ್ಲಿ ಬರುತ್ತದೆ, ಓದು-ಬರಹ ಒಂದರಲ್ಲೇ. ಗಡಿ ಕನ್ನಡಿಗನ ಅರ್ಧ ಕಷ್ಟ ಇಲ್ಲೇ ಇದೆ. ಸಂತೆಯಲ್ಲಿ ಮರಾಠಿಯಲ್ಲೋ ತೆಲುಗಿನಲ್ಲೋ ಯಾರ ಜೊತೆಗಾದರೂ ಜಗಳ ಆಡಿ ಗೆಲ್ಲಬಲ್ಲ. ಕಾಗದ ಮುಂದೆ ಬಂದರೆ ಸೋಲುತ್ತಾನೆ.

ಈ ಸೋಲನ್ನು ಪೂರ್ತಿ ಅಲ್ಲದಿದ್ದರೂ ಅರ್ಧದಷ್ಟಾದರೂ ಕಡಿಮೆ ಮಾಡುವ ಸಾಧನ ಮನೆಯಲ್ಲೇ ಇದೆ, ಅದಕ್ಕೆ ಕೆಲಸ ಹಚ್ಚಬೇಕು ಅಷ್ಟೇ ಎಂಬುದು ನನ್ನ ವಾದ. ಹೊಸದೇನೂ ಕೊಳ್ಳಬೇಕಾಗಿಲ್ಲ. ಟ್ಯಾಬಿನ ಒಳಗೇ ಇರುವ, ಇಲ್ಲವೇ ಪುಕ್ಕಟೆ ಸಿಗುವ ನಾಲ್ಕಾರು ಸೌಲಭ್ಯ ಕಲಿತರೆ ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಂಧ್ರ ಸರಕಾರ 2022ರ ಡಿಸೆಂಬರಿನಲ್ಲಿ ಸರಕಾರಿ ಶಾಲೆಯ 8ನೇ ತರಗತಿ ಮಕ್ಕಳಿಗೆ ಟ್ಯಾಬ್ ಹಂಚಿತ್ತು. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಅಂಥ ಟ್ಯಾಬ್ ಮನೆಯಲ್ಲಿದ್ದರೆ ಅದು ಮಗುವಿನ ಓದಿನದು, ಅದಕ್ಕೆ ಕೈ ಹಾಕುವುದು ಬೇಡ. ನಾನು ಹೇಳುತ್ತಿರುವುದು ಸ್ವಂತ ದುಡ್ಡಿನ ಟ್ಯಾಬಿನ ವಿಚಾರ.

ಫೋನ್ ಇರುವಾಗ ಇದ್ಯಾಕೆ?

"ಕೈಯಾಗ ಫೋನ್ ಐತಲ್ರೀ, ಇದ್ಯಾಕ ಬೇಕು?" ಎಂದು ಅಕ್ಕಲಕೋಟೆಯ ವ್ಯಾಪಾರಿ ಕೇಳಬಹುದು. ನ್ಯಾಯವಾದ ಪ್ರಶ್ನೆ. ಫೋನು ಮಾತಿಗೆ, ಹಣ ಕಳಿಸಲಿಕ್ಕೆ ಸರಿ. ಆದರೆ ಐದು ಕಾಲಮ್ಮಿನ ಲೆಕ್ಕವನ್ನು ಅಂಗೈ ಅಗಲದ ಗಾಜಿನ ಮೇಲೆ ನೋಡಲಿಕ್ಕಾಗುವುದಿಲ್ಲ. ನಲವತ್ತೈದು ದಾಟಿದ ಕಣ್ಣಿಗಂತೂ ಸಾಧ್ಯವೇ ಇಲ್ಲ. ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಒಂದೇ ತೆರೆಯನ್ನು ಎರಡು ಭಾಗ ಮಾಡಿಕೊಳ್ಳಬಹುದು, ಗಂಡ ಹೆಂಡತಿ ಮಗ ಮೂವರೂ ಕೂತು ಒಟ್ಟಿಗೆ ಲೆಕ್ಕ ನೋಡಬಹುದು. ಫೋನು ಒಬ್ಬನ ಕಿಸೆಯ ವಸ್ತು, ಟ್ಯಾಬು ಮನೆಯ ವಸ್ತು. ಒಕ್ಕಲುತನದ ಲೆಕ್ಕ ಮನೆಮಂದಿಗೆಲ್ಲ ಕಾಣುವಂತಿರಬೇಕು ಅನ್ನುವವನು ನಾನು.

ಸಿಮ್ ಇಲ್ಲದ ಟ್ಯಾಬ್ ಆದರೂ ಅಡ್ಡಿಯಿಲ್ಲ. ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡರೆ ಇಂಟರ್‌ನೆಟ್ ಬರುತ್ತದೆ. ಮುಂದೆ ಹೇಳುವ ಕೆಲಸಗಳಲ್ಲಿ ಅರ್ಧಕ್ಕರ್ಧ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ.

ಮೊದಲು ಕೀಲಿಮಣೆ

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಕನ್ನಡ ಕೀಲಿಮಣೆ ಹಾಕಿಕೊಳ್ಳುವುದು. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಮತ್ತು ಕೀಬೋರ್ಡ್ ಎಂಬಲ್ಲಿ ಹೋಗಿ ಕನ್ನಡ ಸೇರಿಸಿ, ಜೊತೆಗೆ ನಿಮ್ಮ ರಾಜ್ಯದ ಭಾಷೆಯನ್ನೂ ಸೇರಿಸಿ. ಸೋಲಾಪುರದವರಿಗೆ ಮರಾಠಿ, ಹೊಸೂರು ತಾಳವಾಡಿಯವರಿಗೆ ತಮಿಳು, ಕಾಸರಗೋಡಿನವರಿಗೆ ಮಲಯಾಳಂ. ಕೀಲಿಮಣೆಯ ಕೆಳಗೆ ಭೂಗೋಳದ ಚಿತ್ರ ಇರುವ ಕೀಲಿ ಒತ್ತಿದರೆ ಭಾಷೆ ಬದಲಾಗುತ್ತದೆ.

ಅಕ್ಷರ ಒತ್ತುವ ರೀತಿ ಎರಡು ಬಗೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದು ಕನ್ನಡವಾಗಿ ಮೂಡುವುದು ಒಂದು. ಇದು ಕಾಲೇಜು ಹುಡುಗರಿಗೆ ಸಲೀಸು. ಇನ್ನೊಂದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ. ನಮ್ಮ ದೇಶದ ಮಾನಕ ಸಂಸ್ಥೆ 1991ರಲ್ಲೇ ಇದನ್ನು ಒಪ್ಪಿದೆ. ಗಡಿ ಜನರಿಗೆ ಇದರಲ್ಲಿ ಒಂದು ದೊಡ್ಡ ಲಾಭವಿದೆ, ಅದನ್ನು ಯಾರೂ ಹೇಳುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ 'ಕ' ಎಂಬ ಧ್ವನಿಗೆ ಕನ್ನಡದಲ್ಲಿ ಯಾವ ಕೀಲಿಯೋ ಮರಾಠಿ, ತೆಲುಗು, ತಮಿಳು, ಮಲಯಾಳಂನಲ್ಲೂ ಅದೇ ಕೀಲಿ. ಕನ್ನಡದಲ್ಲಿ ಒಮ್ಮೆ ಕೈ ಕೂತರೆ ಎರಡನೆಯ ಭಾಷೆಯ ಟೈಪಿಂಗೂ ಬಹುಮಟ್ಟಿಗೆ ಬಂದ ಹಾಗೆಯೇ. ಒಂದೇ ಎತ್ತು ಎರಡು ಹೊಲ ಉತ್ತಂತೆ ಆಯಿತಲ್ಲವೇ?

ಟೈಪ್ ಮಾಡುವ ರಗಳೆಯೇ ಬೇಡ ಎನ್ನುವವರಿಗೆ ಬಾಯಿ ಇದೆ. ಗೂಗಲ್ ಕಂಪನಿ 2017ರಲ್ಲಿ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳಂಗೆ ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಿತು. ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ. ನಮ್ಮ ಆಡುಮಾತು ಅದಕ್ಕೆ ಸ್ವಲ್ಪ ತೊಡಕು, ನಿಜ. ಜತ್ತ ಕಡೆಯ ಕನ್ನಡವನ್ನೋ ಬಡಗರ ನಾಡಿನ ಮಾತನ್ನೋ ಅದು ಪೂರ್ತಿ ಹಿಡಿಯುವುದಿಲ್ಲ. ಸಾವಕಾಶವಾಗಿ, ಪುಸ್ತಕದ ಮಾತಿಗೆ ಹತ್ತಿರವಾಗಿ ಹೇಳಿ, ಆಮೇಲೆ ಒಮ್ಮೆ ಓದಿ ತಿದ್ದಿಕೊಂಡರೆ ಕೆಲಸ ಆಗುತ್ತದೆ. ಅಂಕಿ ಮಾತ್ರ ಬಾಯಲ್ಲಿ ಬೇಡ, ಕೈಯಲ್ಲೇ ಒತ್ತಿ.

ಉದ್ರಿ ಲೆಕ್ಕ ಮತ್ತು ಈರಭದ್ರ

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂಬ ಗಾದೆ ಹುಟ್ಟಿದ್ದೇ ಬಾಯಿಲೆಕ್ಕದಿಂದ ಇರಬೇಕು. ಕಿರ್ದಿ ಪುಸ್ತಕ ಇಟ್ಟವರ ಪಾಡೂ ಬಹಳ ಬೇರೆಯಲ್ಲ. ಪುಸ್ತಕ ತುಂಬಿತು, ಮಳೆಗೆ ನೆನೆಯಿತು, ಹಳೆಯ ಬಾಕಿ ಯಾವ ಪುಟದಲ್ಲಿತ್ತೋ ಸಿಗಲಿಲ್ಲ ಅಂತ ಒಂದಲ್ಲ ಒಂದು ತಕರಾರು. ಪುಸ್ತಕ ಬಿಸಾಡಿ ಎಂದು ನಾನು ಹೇಳುವುದಿಲ್ಲ. ಸಹಿ ಹಾಕಿಸಿಕೊಳ್ಳಲಿಕ್ಕೆ ಕಾಗದ ಬೇಕೇ ಬೇಕು. ಆದರೆ ಕೂಡಿಸುವ, ಹುಡುಕುವ ಕೆಲಸ ಟ್ಯಾಬಿಗೆ ಬಿಡಿ.

ಗೂಗಲ್ ಶೀಟ್ಸ್, ಎಕ್ಸೆಲ್ ಎಂಬ ಲೆಕ್ಕದ ಹಾಳೆಗಳಿವೆ. ಐದೇ ಕಾಲಮ್ ಹಾಕಿ: ತಾರೀಖು, ಹೆಸರು, ಬಾಬತ್ತು, ಜಮಾ, ಖರ್ಚು. ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ಒಟ್ಟು ಮಾಡುವ ಗುರುತು ಒತ್ತಿದರೆ ಇಡೀ ಸಾಲಿನ ಮೊತ್ತ ಬರುತ್ತದೆ. ಫಿಲ್ಟರ್ ಎಂಬುದನ್ನು ಹಾಕಿ ಒಬ್ಬನ ಹೆಸರು ಆರಿಸಿದರೆ ಅವನ ವ್ಯವಹಾರ ಮಾತ್ರ ಮುಂದೆ ನಿಲ್ಲುತ್ತದೆ. 'ಬಾಬತ್ತು' ಕಾಲಮ್ಮಿನಲ್ಲಿ ಗೊಬ್ಬರ, ಕೂಲಿ, ಔಷಧ, ಬಾಡಿಗೆ ಎಂದು ಒಂದೇ ರೀತಿಯ ಶಬ್ದ ಬಳಸುತ್ತಾ ಬಂದರೆ ಸುಗ್ಗಿಯ ಕೊನೆಗೆ ಎಕರೆಗೆ ಎಷ್ಟು ಬಿತ್ತು ಎಂದು ಗೊತ್ತಾಗುತ್ತದೆ. ಫಸಲಿಗೆ ರೊಕ್ಕ ಎಷ್ಟು ಬಂತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಎಷ್ಟು ಹೋಯಿತು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರೇ ಬಹಳ. ಆ ಒಂದು ಅಂಕಿ ಗೊತ್ತಿಲ್ಲದೆ ಮಾರುಕಟ್ಟೆಗೆ ಹೋದವನು ದರ ಕೇಳುತ್ತಾನೆ, ದರ ಹೇಳಲಾರ.

ಅರ್ಧ ತೆರೆಯಲ್ಲಿ ದರ, ಅರ್ಧ ತೆರೆಯಲ್ಲಿ ಲೆಕ್ಕ

ತೆರೆಯನ್ನು ಎರಡು ಭಾಗ ಮಾಡುವ ಸೌಲಭ್ಯ ಐಪ್ಯಾಡಿನಲ್ಲಿ 2015ರಿಂದ, ಆಂಡ್ರಾಯ್ಡಿನಲ್ಲಿ 2016ರಿಂದ ಬಂದಿದೆ. ಬಳಸುವವರನ್ನು ನಾನು ಕಂಡದ್ದು ಕಡಿಮೆ. ರೈತನಿಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಎಡಕ್ಕೆ ಕೇಂದ್ರ ಸರಕಾರದ ಅಗ್‌ಮಾರ್ಕ್‌ನೆಟ್ ತೆರೆದುಕೊಳ್ಳಿ, ಬಲಕ್ಕೆ ನಿಮ್ಮ ಲೆಕ್ಕದ ಹಾಳೆ. ಅಗ್‌ಮಾರ್ಕ್‌ನೆಟ್‌ನಲ್ಲಿ ಬೇರೆ ಬೇರೆ ರಾಜ್ಯಗಳ ಮಾರುಕಟ್ಟೆಗಳ ಕನಿಷ್ಠ ದರ, ಗರಿಷ್ಠ ದರ ಮತ್ತು ಹೆಚ್ಚು ಮಾಲು ಬಿಕರಿಯಾದ ದರ ಸಿಗುತ್ತವೆ. ಗರಿಷ್ಠ ದರ ನೋಡಿ ಹಿಗ್ಗಬೇಡಿ, ಅದು ನಾಲ್ಕು ಚೀಲಕ್ಕೆ ಸಿಕ್ಕಿದ್ದೂ ಇರಬಹುದು. ಹೆಚ್ಚು ಮಾಲು ಬಿಕರಿಯಾದ ದರವನ್ನೇ ಹಿಡಿಯಿರಿ.

ಒಂದು ಉದಾಹರಣೆ ಹಾಕಿ ನೋಡೋಣ. ಅಕ್ಕಲಕೋಟೆ ತಾಲೂಕಿನ ರೈತನ ಹತ್ತಿರ 60 ಕ್ವಿಂಟಲ್ ಉಳ್ಳಾಗಡ್ಡಿ ಇದೆ ಎನ್ನಿ. ಹತ್ತಿರದ್ದು ಸೋಲಾಪುರ, ದೂರದ್ದು ಬೆಂಗಳೂರು. ಬೆಂಗಳೂರಿನಲ್ಲಿ ಕ್ವಿಂಟಲಿಗೆ 400 ರೂಪಾಯಿ ಹೆಚ್ಚು ಎಂದು ಕಾಣುತ್ತದೆ, ಅಂದರೆ 24,000 ರೂಪಾಯಿ. ಆಸೆ ಹುಟ್ಟುವುದು ಸಹಜ. ಈಗ ಬಲಗಡೆಯ ಹಾಳೆಯಲ್ಲಿ ಬರೆಯಿರಿ: ಲಾರಿಯ ಹೆಚ್ಚಿನ ಬಾಡಿಗೆ 15,000, ಹಮಾಲಿ ಇತ್ಯಾದಿ 3,000, ದಾರಿಯಲ್ಲಿ ಒಣಗಿ ಕೊಳೆತು ಹೋಗುವ ಒಂದು ಕ್ವಿಂಟಲಿನ ಬೆಲೆ 2,000. ಕೈಯಲ್ಲಿ ಉಳಿದದ್ದು 4,000. ಅಷ್ಟಕ್ಕೆ ಎರಡು ದಿನ ಹೊರಗಿರಬೇಕೇ, ಮಾಲು ಮುಟ್ಟುವ ಹೊತ್ತಿಗೆ ದರ ಇಳಿದರೆ ಹೇಗೆ ಎಂದು ಆಗ ಯೋಚನೆ ಮಾಡಬಹುದು. ಈ ಅಂಕಿಗಳು ಬರೀ ಮಾದರಿ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಹೋಗಬೇಕೋ ಬೇಡವೋ ಎನ್ನುವುದನ್ನು ಟ್ಯಾಬ್ ಹೇಳುವುದಿಲ್ಲ. ಲಾರಿ ಹತ್ತುವ ಮೊದಲೇ ಲೆಕ್ಕ ಕಣ್ಣೆದುರು ಇಡುತ್ತದೆ. ಕೊನೆಗೆ ನಿರ್ಧಾರ ನಿಮ್ಮದೇ.

ಕಾಗದ ಕಳೆದರೆ ಕೇಸೂ ಕಳೆದಂತೆ

ಗೊಬ್ಬರದ ಅಂಗಡಿಯ ಮಿಷಿನ್ನಿನಿಂದ ಬರುವ ಚೀಟಿ ನೋಡಿದ್ದೀರಿ. ನಾಲ್ಕು ತಿಂಗಳಿಗೆ ಅಕ್ಷರ ಮಾಸಿ ಬಿಳಿ ಕಾಗದವಾಗುತ್ತದೆ. ಬೀಜ ಮೊಳೆಯದೆ ಹೋದಾಗ ಬಿಲ್ಲು ಎಲ್ಲಿ, ಚೀಲದ ಮೇಲಿನ ಲಾಟ್ ನಂಬರು ಎಲ್ಲಿ ಎಂದು ಕೇಳಿದರೆ ರೈತನ ಬಾಯಿ ಕಟ್ಟಿತು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ಕಳಪೆ ಬೀಜ ಕೊಂಡ ರೈತನೂ ಗ್ರಾಹಕನೇ, ಅವನು ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ತೀರ್ಪು ಕೊಟ್ಟಿದೆ. ಆ ಪ್ರಕರಣದ ರೈತರೂ ನಮ್ಮ ನೆರೆಯ ಆಂಧ್ರದವರೇ. ಬಾಗಿಲು ತೆರೆದಿದೆ, ಆದರೆ ಒಳಗೆ ಹೋಗಲು ಕಾಗದ ಬೇಕು.

ಆದ್ದರಿಂದ ಕೊಂಡ ದಿನವೇ ಬಿಲ್ಲು, ಬೀಜದ ಚೀಲದ ಲೇಬಲ್ಲು, ಅಡತಿಯ ಪಟ್ಟಿ, ಸೊಸೈಟಿಯ ಪಾವತಿ ಎಲ್ಲವನ್ನೂ ಟ್ಯಾಬಿನಲ್ಲಿ ಸ್ಕ್ಯಾನ್ ಮಾಡಿ. ಆಂಡ್ರಾಯ್ಡಿನಲ್ಲಿ ಗೂಗಲ್ ಡ್ರೈವ್, ಐಪ್ಯಾಡಿನಲ್ಲಿ ನೋಟ್ಸ್ ಎಂಬುದರಲ್ಲೇ ಸ್ಕ್ಯಾನ್ ಇದೆ. ಬರೇ ಫೋಟೋ ತೆಗೆದರೆ ಮದುವೆ ಮುಂಜಿಯ ಚಿತ್ರಗಳ ಮಧ್ಯೆ ಕಳೆದುಹೋಗುತ್ತದೆ. ಸ್ಕ್ಯಾನ್ ಮಾಡಿದರೆ ಕಾಗದದ ಅಂಚು ಸರಿಯಾಗಿ ಕತ್ತರಿಸಿ ಪಿಡಿಎಫ್ ಕಡತವಾಗಿ ಕೂರುತ್ತದೆ. ಕಡತಕ್ಕೆ 'ಗೊಬ್ಬರ ಬಿಲ್ಲು ಜೂನ್ 12' ಎಂಬಂತೆ ಕನ್ನಡದಲ್ಲೇ ಹೆಸರಿಡಿ, ವರ್ಷಕ್ಕೊಂದು ಫೋಲ್ಡರ್ ಮಾಡಿ. ಮೂರು ವರ್ಷ ಬಿಟ್ಟು ಕೇಳಿದರೂ ಅರ್ಧ ನಿಮಿಷದಲ್ಲಿ ಸಿಗುತ್ತದೆ.

ವ್ಯಾಪಾರಿಗಳಿಗೆ ಇದು ಇನ್ನೂ ಅಗತ್ಯ. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಿಕೊಂಡಿರಬೇಕು. ಒಂದು ರಾಜ್ಯದಲ್ಲಿ ಅಂಗಡಿ, ಇನ್ನೊಂದರಲ್ಲಿ ಗಿರಾಕಿ ಇರುವ ನಮ್ಮವರು 2018ರ ಏಪ್ರಿಲಿನಿಂದ ಇ-ವೇ ಬಿಲ್ ಕಾಟವನ್ನೂ ಕಂಡಿದ್ದಾರೆ. ರೈತನ ಹಸಿ ಫಸಲಿನಂಥ ವಿನಾಯಿತಿ ಪಡೆದ ಮಾಲು ಬಿಟ್ಟರೆ, 50,000 ರೂಪಾಯಿಗೆ ಮೀರಿದ ಸರಕು ಗಡಿ ದಾಟಲಿಕ್ಕೆ ಅದು ಬೇಕೇ ಬೇಕು. ಈ ಬಿಲ್ಲುಗಳನ್ನೆಲ್ಲ ಡಬ್ಬದಲ್ಲಿ ತುರುಕಿಡುವ ಬದಲು ಅಂದಂದೇ ಸ್ಕ್ಯಾನ್ ಮಾಡಿಟ್ಟರೆ ಲೆಕ್ಕ ಪರಿಶೋಧಕನ ಮುಂದೆ ಕೈ ಕಟ್ಟಿ ನಿಲ್ಲುವುದು ತಪ್ಪುತ್ತದೆ.

ಬೇರೆ ಲಿಪಿಯ ಕಾಗದ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ ಸಾತ್‌ಬಾರಾ ಉತಾರ, ತಮಿಳುನಾಡಿನಲ್ಲಿ ಪಟ್ಟಾ-ಚಿಟ್ಟಾ, ಆಂಧ್ರದಲ್ಲಿ 1-ಬಿ ಮತ್ತು ಅಡಂಗಲ್ ಎಂದು ನಮ್ಮ ಜಮೀನಿನ ಕಾಗದಗಳು ಮೂರು ಲಿಪಿಯಲ್ಲಿವೆ. ಇವೆಲ್ಲ ಈಗ ಆಯಾ ಸರಕಾರದ ಜಾಲತಾಣದಲ್ಲಿ ಸಿಗುತ್ತವೆ. ಕಾಗದ ತೆಗೆಯುವುದು ಸುಲಭವಾಯಿತು, ಓದುವುದು ಆಗಲಿಲ್ಲ.

ಇದಕ್ಕೆ ಗೂಗಲ್ ಟ್ರಾನ್ಸ್‌ಲೇಟ್ ನೆರವಿಗೆ ಬರುತ್ತದೆ. ಅದರಲ್ಲಿ ಕನ್ನಡ 2011ರಿಂದ ಇದೆ. ಕಾಗದದ ಮೇಲೆ ಕ್ಯಾಮೆರಾ ಹಿಡಿದರೆ ಅಚ್ಚಾದ ಮರಾಠಿ ಅಥವಾ ತೆಲುಗು ಅಕ್ಷರವನ್ನು ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಕನ್ನಡ, ಮರಾಠಿ, ತೆಲುಗು, ತಮಿಳಿನ ಭಾಷಾ ಕಡತ ಒಮ್ಮೆ ಇಳಿಸಿಟ್ಟುಕೊಂಡರೆ ಟವರ್ ಸಿಗದ ಊರಲ್ಲೂ ಟೈಪ್ ಮಾಡಿದ ಮಾತನ್ನು ಅನುವಾದಿಸುತ್ತದೆ. ಗಡಿ ಊರಲ್ಲಿ ಟವರಿನ ಕಣ್ಣಾಮುಚ್ಚಾಲೆ ಗೊತ್ತೇ ಇದೆಯಲ್ಲ, ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ.

ಆದರೆ ಇಲ್ಲಿ ಒಂದು ಗಟ್ಟಿ ಎಚ್ಚರಿಕೆ. ಯಂತ್ರದ ಅನುವಾದ ನಂಬಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಂದಾಯದ ಶಬ್ದಗಳು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ಕೈಬರಹ ಬಂದರೆ ತಡವರಿಸುತ್ತದೆ. ಸಾತ್‌ಬಾರಾದಲ್ಲಿ ಅಂಕಿಯೂ ದೇವನಾಗರಿ. ಆ ಲಿಪಿಯ ಒಂದು ಎಂಬುದು ಇಂಗ್ಲಿಷಿನ ಒಂಬತ್ತಿನ ಹಾಗೆ ಕಾಣುತ್ತದೆ. ಗುಂಟೆಯ ಲೆಕ್ಕದಲ್ಲಿ ಒಂದಕ್ಕೂ ಒಂಬತ್ತಕ್ಕೂ ಎಷ್ಟು ಅಂತರ ಎಂದು ನಾನು ಹೇಳಬೇಕಾಗಿಲ್ಲ. ಕಾಗದ ಯಾವ ವಿಷಯದ್ದು, ಕೊನೆಯ ದಿನ ಯಾವುದು, ವಕೀಲರಿಗೆ ಏನು ಕೇಳಬೇಕು ಎಂದು ತಿಳಿಯುವಷ್ಟಕ್ಕೆ ಅನುವಾದ ಸಾಕು. ಏನೂ ತಿಳಿಯದೆ ಹೋಗಿ "ನೀವು ಹೇಳಿದಂಗ್ರೀ ಸಾಹೇಬ್ರ" ಎನ್ನುವುದಕ್ಕೂ, ಮೂರು ಪ್ರಶ್ನೆ ಬರೆದುಕೊಂಡು ಹೋಗುವುದಕ್ಕೂ ಬಹಳ ಫರಕು ಇದೆ.

ಅರ್ಜಿಯ ವಿಷಯದಲ್ಲೂ ಅಷ್ಟೇ. ಕುಂದುಕೊರತೆ ನಿವಾರಣೆಗೆ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ಪರಿಚ್ಛೇದ ಎಲ್ಲರಿಗೂ ಕೊಟ್ಟಿದೆ. ಉತ್ತರ ಕನ್ನಡದಲ್ಲೇ ಬರಬೇಕೆಂದು ಅದು ಹೇಳುವುದಿಲ್ಲ, ಆದರೆ ಅರ್ಜಿಯನ್ನು ಭಾಷೆಯ ನೆಪದಿಂದ ತಳ್ಳಿಹಾಕುವಂತಿಲ್ಲ. ಕನ್ನಡದಲ್ಲಿ ಚೊಕ್ಕವಾಗಿ ಟೈಪ್ ಮಾಡಿ, ಅಡಿಯಲ್ಲಿ ರಾಜ್ಯದ ಭಾಷೆಯಲ್ಲಿ ನಾಲ್ಕು ಸಾಲು ಸಾರಾಂಶ ಹಾಕಿ ಕೊಡಿ. ಹಕ್ಕೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ದಿನ ತಪ್ಪಿದರೆ ದುಡ್ಡು ತಪ್ಪಿತು

ಕ್ಯಾಲೆಂಡರಿನಲ್ಲಿ ನೆನಪಿನ ಗಂಟೆ ಇಡುವುದು ಎಲ್ಲಕ್ಕಿಂತ ಸುಲಭದ ಕೆಲಸ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇರುವ ಕಡೆ ಆಲಿಕಲ್ಲು, ನೆರೆಯಿಂದ ಹೊಲಕ್ಕೆ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಆ ಮೂರು ದಿನ ಅಳುವುದರಲ್ಲೇ ಕಳೆದರೆ ಮತ್ತೆ ಅಳಬೇಕಾಗುತ್ತದೆ. ಹೊಲದ ಫೋಟೋ ತೆಗೆಯುವಾಗ ಸ್ಥಳ ದಾಖಲಾಗುವ ಸೌಲಭ್ಯ ತೆರೆದಿಡಿ, ದಿನವೂ ಜಾಗವೂ ಅದರಲ್ಲೇ ಕೂರುತ್ತವೆ. ಬೆಳೆಸಾಲವನ್ನು ವಾಯಿದೆಯೊಳಗೆ ಕಟ್ಟಿದವನಿಗೆ ಕೇಂದ್ರದ ಯೋಜನೆಯಲ್ಲಿ ಶೇ. 3ರಷ್ಟು ಬಡ್ಡಿ ಉಳಿಯುತ್ತದೆ, ಒಂದು ಲಕ್ಷಕ್ಕೆ ವರ್ಷಕ್ಕೆ 3,000 ರೂಪಾಯಿ. ವಾಯಿದೆಗೆ ಹದಿನೈದು ದಿನ ಮೊದಲೇ ಟ್ಯಾಬ್ ಗಂಟೆ ಬಾರಿಸುವಂತೆ ಮಾಡಿಡಿ. ಬಾಂಕಿನವರು ಬಂದು ಬಾರಿಸುವುದಕ್ಕಿಂತ ಅದು ವಾಸಿ.

ಬೀಗ ಮತ್ತು ನಕಲು

ಲೆಕ್ಕ ಒಳಗಿಟ್ಟ ಮೇಲೆ ಟ್ಯಾಬು ತಿಜೋರಿಯಾಯಿತು, ತಿಜೋರಿಗೆ ಬೀಗ ಬೇಡವೇ? ತೆರೆಗೆ ಗುಪ್ತಸಂಖ್ಯೆ ಹಾಕಿ. ಅನೇಕ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಒಂದಕ್ಕಿಂತ ಹೆಚ್ಚು ಬಳಕೆದಾರರನ್ನು ಸೇರಿಸಬಹುದು. ಮಗನಿಗೆ ಒಂದು, ಲೆಕ್ಕಕ್ಕೆ ಒಂದು ಎಂದು ಬೇರೆ ಮಾಡಿದರೆ ಅವನ ಆಟ ನಿಮ್ಮ ಖಾತೆಯನ್ನು ಅಳಿಸುವುದಿಲ್ಲ. ಲೆಕ್ಕದ ಹಾಳೆಯ ಮತ್ತೊಂದು ಪ್ರತಿ ಡ್ರೈವಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ. ಕೆಳಗೆ ಬಿದ್ದು ಒಡೆಯುವುದು ಗಾಜು, ಲೆಕ್ಕ ಒಡೆಯಬಾರದು. ಒಟಿಪಿ ಕೇಳಿದವನಿಗೆ ಯಾವ ಭಾಷೆಯಲ್ಲಿ ಕೇಳಿದರೂ ಕೊಡಬೇಡಿ. ಕನ್ನಡದಲ್ಲಿ ಸಿಹಿಯಾಗಿ ಮಾತಾಡುವ ಕಳ್ಳರೂ ಈಗ ಬಂದಿದ್ದಾರೆ.

ಯಾರು ಕಲಿಸಬೇಕು?

ಇದನ್ನೆಲ್ಲ ರೈತನೇ ಕೂತು ಕಲಿಯಲಿ ಎಂದರೆ ಅನ್ಯಾಯ. ಗಡಿನಾಡಿನ ಕನ್ನಡ ಸಂಘಗಳು ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸಿ, ಹಾಡು ಹೇಳಿಸಿ, ಶಾಲು ಹೊದಿಸುತ್ತವೆ. ಬೇಡ ಎನ್ನುವುದಿಲ್ಲ, ಅದೂ ಬೇಕು. ಆದರೆ ಅದೇ ಪೆಂಡಾಲಿನಲ್ಲಿ ಎರಡು ಮೇಜು ಹಾಕಿ, ಊರಿನ ಕನ್ನಡ ಶಾಲೆಯ ಮೇಲಿನ ತರಗತಿ ಹುಡುಗ ಹುಡುಗಿಯರನ್ನು ಕೂರಿಸಿ, ಬಂದವರ ಟ್ಯಾಬಿಗೆ ಕನ್ನಡ ಕೀಲಿಮಣೆ ಹಾಕಿಕೊಟ್ಟು ಲೆಕ್ಕದ ಹಾಳೆ ತೆರೆದುಕೊಟ್ಟರೆ ಎಷ್ಟು ಚೆಂದ! ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದರ ಕಡೆ ಕಣ್ಣು ಹಾಯಿಸಬೇಕು. ರೈತರ ಲೆಕ್ಕಕ್ಕೆ, ಅರ್ಜಿಗೆ, ಸಾತ್‌ಬಾರಾ-ಅಡಂಗಲ್‌ಗಳ ಶಬ್ದಗಳಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಮಾಡಿ ಹಂಚಲಿ. ಬಹಳ ಖರ್ಚಿನ ಬಾಬತ್ತಲ್ಲ.

ಭಾಷೆ ಉಳಿಯುವುದು ಸಭೆಯಲ್ಲಿ ಮಾತ್ರವಲ್ಲ, ಕಿರ್ದಿಯಲ್ಲೂ ಉಳಿಯಬೇಕು. ದಿನಾ ಸಂಜೆ ಕನ್ನಡದಲ್ಲಿ ನಾಲ್ಕು ಸಾಲು ಲೆಕ್ಕ ಬರೆಯುವ ಮನೆಯಲ್ಲಿ ಮಕ್ಕಳು ಆ ಲಿಪಿಯನ್ನು ಮರೆಯುವುದಿಲ್ಲ. ಈ ವಾರವೇ ಕಪಾಟಿನ ಮೇಲಿನ ಟ್ಯಾಬ್ ಇಳಿಸಿ, ಧೂಳು ಒರೆಸಿ, ಚಾರ್ಜಿಗೆ ಹಾಕಿ. ಮೊದಲ ದಿನ ಒಂದೇ ಒಂದು ಕೆಲಸ ಮಾಡಿ: ಯಾರಿಗೆ ಎಷ್ಟು ಕೊಟ್ಟಿದ್ದೀರಿ, ಯಾರಿಂದ ಎಷ್ಟು ಬರಬೇಕು ಎಂದು ಕನ್ನಡದಲ್ಲಿ ಬರೆದಿಡಿ. ಉಳಿದದ್ದನ್ನೆಲ್ಲ ಅದೇ ಕಲಿಸುತ್ತಾ ಹೋಗುತ್ತದೆ.